ಒಂಟಿ ಹಿರಿಯರ ಮನೆಗೆ ರೇಡಿಯೋ ಪೆಟ್ಟಿಗೆ: ಕಟ್ಟಿದ್ದು, ಕೆಟ್ಟಿದ್ದು, ಸರಿಮಾಡಿದ್ದು

ಕಡಿಮೆ ಬಾಡಿಗೆಯ ಒಂದೊಂದು ಕೋಣೆಯಲ್ಲಿ ಒಂಟಿಯಾಗಿರುವ ವಯಸ್ಸಾದವರಿಗಾಗಿ ನಾವು ಕೆಲವರು ಸೇರಿ ಕಟ್ಟಿದ ಸಾಧನದ ವಿವರ ಇದು. ಪ್ರತಿ ಮನೆಯಲ್ಲಿ ಅಂಗೈಯಗಲದ ಒಂದು ಪ್ಲಾಸ್ಟಿಕ್ ಪೆಟ್ಟಿಗೆ. ಕಟ್ಟಡದ ಕೆಳಗೆ, ಸ್ವಯಂಸೇವಕರು ಕೂರುವ ಕೋಣೆಯಲ್ಲಿ, ಅವೆಲ್ಲದರ ಸುದ್ದಿ ಕೇಳಿಸಿಕೊಳ್ಳುವ ಇನ್ನೊಂದು ಪೆಟ್ಟಿಗೆ. ಇಂಟರ್ನೆಟ್ ಬೇಡ, ಸ್ಮಾರ್ಟ್‌ಫೋನ್ ಬೇಡ, ತಿಂಗಳ ಶುಲ್ಕ ಇಲ್ಲ. ಬೆಳಗ್ಗೆ ಯಾರಾದರೂ ಎದ್ದ ಸುಳಿವು ಸಿಗದಿದ್ದರೆ ಪಕ್ಕದ ಮನೆಯವರು ಹೋಗಿ ಬಾಗಿಲು ಬಡಿಯಬೇಕು. ಅವರನ್ನು ಹೊತ್ತಿಗೆ ಸರಿಯಾಗಿ ಆ ಬಾಗಿಲಿಗೆ ಕಳಿಸುವುದಷ್ಟೇ ಯಂತ್ರದ ಕೆಲಸ. ಆರೈಕೆ ಮಾಡುವುದು ಮನುಷ್ಯರೇ.

ಕುತ್ತಿಗೆಗೆ ಹಾಕಿಕೊಳ್ಳುವ ಕರೆಗುಂಡಿ ಸಾಕಲ್ವಾ ಎಂದು ತುಂಬಾ ಜನ ಕೇಳಿದರು. ಸಾಲದು. 2008ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಕೇಂಬ್ರಿಡ್ಜ್‌ನ ಒಂದು ಅಧ್ಯಯನ ಬಂತು. 90 ದಾಟಿದವರನ್ನು ಒಂದು ವರ್ಷ ಗಮನಿಸಿದ್ದರು. ಬಿದ್ದವರಲ್ಲಿ ನೂರಕ್ಕೆ 30 ಮಂದಿ ಒಂದು ಗಂಟೆ ಅಥವಾ ಅದಕ್ಕಿಂತ ಜಾಸ್ತಿ ಹೊತ್ತು ನೆಲದ ಮೇಲೇ ಇದ್ದರು. ಕರೆಗುಂಡಿ ಹಲವರ ಬಳಿ ಇತ್ತು. ಒಂಟಿಯಾಗಿ ಬಿದ್ದು ಏಳಲಾಗದೆ ಇದ್ದಾಗಲೂ ಹೆಚ್ಚಿನವರು ಅದನ್ನು ಒತ್ತಿರಲಿಲ್ಲ. ಹಾಗೆ ಗಂಟೆಗಟ್ಟಲೆ ಬಿದ್ದಿದ್ದರೆ ಮೈಯಲ್ಲಿ ನೀರು ಕಡಿಮೆಯಾಗುತ್ತದೆ, ಒತ್ತಿದ ಜಾಗದ ಚರ್ಮ ಹುಣ್ಣಾಗುತ್ತದೆ, ಜಜ್ಜಿದ ಸ್ನಾಯುವಿನಿಂದ ಕಿಡ್ನಿಗೂ ಪೆಟ್ಟು ಬೀಳಬಹುದು. ಬಿದ್ದ ಪೆಟ್ಟಿಗಿಂತ ಬಿದ್ದಲ್ಲೇ ಉಳಿದದ್ದು ಎಷ್ಟೋ ಸಲ ದೊಡ್ಡ ಪೆಟ್ಟಾಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಲ್ಲಿ ಬಿದ್ದು ಸಾಯುವವರು ವರ್ಷಕ್ಕೆ ಸುಮಾರು 6,84,000 ಜನ. ಅದರಲ್ಲಿ ನೂರಕ್ಕೆ 80ಕ್ಕೂ ಹೆಚ್ಚು ಸಾವು ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ.

ಹಾಗಾಗಿ ನಾವು ಹಿಡಿದ ದಾರಿ ಬೇರೆ. ಹಿರಿಯರು ಹೊಸದಾಗಿ ಏನೂ ಮಾಡಬಾರದು, ಏನೂ ತೊಡಬಾರದು, ಏನೂ ನೆನಪಿಡಬಾರದು. ಅವರು ದಿನಾ ಮಾಡುವ ಕೆಲಸವೇ "ಎದ್ದಿದ್ದೇನೆ" ಎಂದು ಹೇಳಬೇಕು. ಜಪಾನಿನಲ್ಲಿ ಜೋಜಿರುಶಿ ಕಂಪನಿ 2001ರಲ್ಲೇ ಇಂಥದ್ದು ಮಾಡಿತ್ತು. ಒಂಟಿಯಾಗಿರುವವರು ನೀರು ಕಾಯಿಸುವ ವಿದ್ಯುತ್ ಪಾತ್ರೆಯನ್ನು ಬಳಸಿದರೆ ಆ ಸುದ್ದಿ ದೂರದ ಮಕ್ಕಳಿಗೆ ಇಮೇಲಿನಲ್ಲಿ ಹೋಗುತ್ತಿತ್ತು. ತುಂಬಾ ಒಳ್ಳೆಯ ಯೋಚನೆ. ಆದರೆ ಆ ಸುದ್ದಿ ಹೋಗುವುದು ದೂರಕ್ಕೆ. ನಮಗೆ ಬೇಕಾದದ್ದು ಎರಡು ನಿಮಿಷದಲ್ಲಿ ಬಾಗಿಲ ಬಳಿ ನಿಲ್ಲಬಲ್ಲವರು.

ಮನೆಯೊಳಗಿನ ಪೆಟ್ಟಿಗೆ

ಒಳಗೆ ಇರುವುದು ಇಷ್ಟು: ಎಟಿಮೆಗಾ328ಪಿ ಚಿಪ್ (ಎಲ್ಲವನ್ನೂ ನಡೆಸುವ ಪುಟ್ಟ ಕಂಪ್ಯೂಟರ್), ಆರ್‌ಎಫ್‌ಎಂ95 ಲೋರಾ ರೇಡಿಯೋ (ಕಡಿಮೆ ವಿದ್ಯುತ್ತಿನಲ್ಲಿ ಸಣ್ಣ ಸಂದೇಶಗಳನ್ನು ದೂರಕ್ಕೆ ಕಳಿಸುವಂಥದ್ದು), ಎರಡು ಎಎ ಸೆಲ್, ಒಂದು ಪುಟ್ಟ ಸ್ಪೀಕರ್, ಬಚ್ಚಲ ಬಾಗಿಲು ತೆರೆದು ಮುಚ್ಚಿದ್ದನ್ನು ತಿಳಿಯಲು ರೀಡ್ ಸ್ವಿಚ್ (ಅಯಸ್ಕಾಂತ ಹತ್ತಿರ ಬಂದರೆ ಕೂಡುವ ಸ್ವಿಚ್), ಮತ್ತೆ ಸಹಾಯ ಬೇಕಾದಾಗ ಎಳೆಯುವ ಒಂದು ಹಗ್ಗ. ಎಲ್ಲಿ ಬೇಕಾದರೂ ಸಿಗುವ, ಯಾರು ಬೇಕಾದರೂ ಬದಲಿಸಬಹುದಾದ ಸೆಲ್ ಆಗಿರಬೇಕು ಎಂದು ಮೊದಲೇ ಪಟ್ಟು ಹಿಡಿದಿದ್ದೆವು. ಚಾರ್ಜ್ ಮಾಡಬೇಕಾದ ಸಾಧನ ಒಂದು ದಿನ ಚಾರ್ಜ್ ಆಗದೇ ಉಳಿಯುತ್ತದೆ. ವಿದ್ಯುತ್ ಬಿಲ್ಲಿಗೆ ಹೆದರಿ ಪ್ಲಗ್ ಕೀಳುವವರೂ ಇದ್ದಾರೆ, ಅವರನ್ನು ದೂರುವಂತಿಲ್ಲ.

ಅಂಗಡಿಯ ಸಿದ್ಧ ಬೋರ್ಡನ್ನು ಹಾಗೇ ಬಳಸಿದರೆ ಸೆಲ್ ಬಹಳ ದಿನ ಬಾಳುವುದಿಲ್ಲ. ಅಗ್ಗದ ಬೋರ್ಡುಗಳಲ್ಲಿರುವ ಎಎಂಎಸ್1117 ರೆಗ್ಯುಲೇಟರ್ (ವೋಲ್ಟೇಜನ್ನು ಒಂದೇ ಮಟ್ಟದಲ್ಲಿಡುವ ಬಿಡಿಭಾಗ) ಸುಮ್ನೆ ಕೂತಿದ್ದರೂ ಸುಮಾರು 5 ಮಿಲಿಆಂಪ್ ತಿನ್ನುತ್ತದೆ. 2,000 ಮಿಲಿಆಂಪ್-ಗಂಟೆಯ ಸೆಲ್ ಅಂದರೆ 400 ಗಂಟೆ. ಎರಡೂವರೆ ವಾರದಲ್ಲಿ ಖಾಲಿ. ಅದಕ್ಕೇ ರೆಗ್ಯುಲೇಟರನ್ನೇ ಕೈಬಿಟ್ಟು, ಬರೀ ಚಿಪ್ಪನ್ನು ಸೆಲ್‌ಗೆ ನೇರ ಜೋಡಿಸಿದೆವು. 8 ಮೆಗಾಹರ್ಟ್ಸ್‌ನಲ್ಲಿ ಓಡಿಸಿದರೆ 2.4 ವೋಲ್ಟಿನ ತನಕ ಚಿಪ್ ನೆಟ್ಟಗೆ ನಡೆಯುತ್ತದೆ. 2.5ಕ್ಕೆ ಇಳಿದಾಗಲೇ "ಸೆಲ್ ಬದಲಿಸಿ" ಎಂಬ ಸಂದೇಶ ಹೋಗುವ ಹಾಗೆ ಇಟ್ಟಿದ್ದೇವೆ. ಮಲಗಿದ್ದಾಗ ಚಿಪ್ಪಿಗೂ ಅದರ ವಾಚ್‌ಡಾಗ್ ಟೈಮರಿಗೂ (ಹೊತ್ತಿಗೆ ಎಬ್ಬಿಸುವ ಒಳಗಡಿಯಾರ) ಸೇರಿ 4–5 ಮೈಕ್ರೋಆಂಪ್ ಸಾಕು. ಗಂಟೆಗೊಮ್ಮೆ ಎದ್ದು ಒಂದು ಸಂದೇಶ ಕಳಿಸಿ ಮತ್ತೆ ಮಲಗುತ್ತದೆ. ಎಲ್ಲ ಕೂಡಿಸಿದರೆ ದಿನಕ್ಕೆ 0.3 ಮಿಲಿಆಂಪ್-ಗಂಟೆಯ ಆಸುಪಾಸು. ಈ ಲೆಕ್ಕದಲ್ಲಿ ಸೆಲ್ ಖಾಲಿಯಾಗುವ ಮೊದಲೇ ಹಳತಾಗಿ ಸೋರುತ್ತದೆ. ಆದ್ದರಿಂದ ವೋಲ್ಟೇಜ್ ಎಷ್ಟೇ ಇರಲಿ, ವರ್ಷಕ್ಕೊಮ್ಮೆ ಎಲ್ಲ ಮನೆಗಳ ಸೆಲ್ ಒಟ್ಟಿಗೆ ಬದಲಿಸುವುದು ಎಂದು ಗೊತ್ತುಮಾಡಿದ್ದೇವೆ.

ಒಂದು ಪೆಟ್ಟಿಗೆಯ ಸೆಲ್ ಮಾತ್ರ ಬೇಗ ಇಳಿಯುತ್ತಿತ್ತು. ಮಲ್ಟಿಮೀಟರನ್ನು ಮೈಕ್ರೋಆಂಪಿಗೆ ಇಟ್ಟು ಸೆಲ್ ತಂತಿಯ ನಡುವೆ ಸೇರಿಸಿ ನೋಡಿದಾಗ, ಬಾಗಿಲು ತೆರೆದಿದ್ದರೆ 5, ಮುಚ್ಚಿದ್ದರೆ 90ರ ಹತ್ತಿರ. ಕಾರಣ ಸರಳ. ಬಾಗಿಲು ಮುಚ್ಚಿದಾಗ ಅಯಸ್ಕಾಂತ ರೀಡ್ ಸ್ವಿಚ್ಚನ್ನು ಕೂಡಿಸುತ್ತದೆ. ಆಗ ಚಿಪ್ಪಿನೊಳಗಿನ 20ರಿಂದ 50 ಕಿಲೋಓಮ್ ಪುಲ್‌ಅಪ್ (ಸ್ವಿಚ್ ಬಿಟ್ಟಾಗ ಪಿನ್ನನ್ನು ಪ್ಲಸ್ ಕಡೆಗೆ ಹಿಡಿದಿಡುವ ರೆಸಿಸ್ಟರ್) ಮೂಲಕ ಕರೆಂಟ್ ಹರಿಯುತ್ತಲೇ ಇರುತ್ತದೆ. ಬಾಗಿಲು ದಿನದ ಬಹುಪಾಲು ಮುಚ್ಚಿಯೇ ಇರುತ್ತದಲ್ವಾ. ಒಳಗಿನ ಪುಲ್‌ಅಪ್ ಆರಿಸಿ, ಹೊರಗೆ 1 ಮೆಗಾಓಮ್ ರೆಸಿಸ್ಟರ್ ಹಾಕಿದೆ. ಸ್ವಿಚ್ಚಿನ ಪಾಲು 3 ಮೈಕ್ರೋಆಂಪಿಗೆ ಇಳಿಯಿತು. ಅಷ್ಟು ದೊಡ್ಡ ರೆಸಿಸ್ಟರ್ ಇದ್ದಾಗ ಉದ್ದ ತಂತಿ ಸುತ್ತಲಿನ ವಿದ್ಯುತ್ ಗದ್ದಲವನ್ನೆಲ್ಲ ಎಳೆದುಕೊಳ್ಳುತ್ತದೆ. ಪಿನ್ನಿಗೂ ಗ್ರೌಂಡಿಗೂ (ಸೆಲ್ಲಿನ ಮೈನಸ್ ಕಡೆ) ನಡುವೆ 10 ನ್ಯಾನೋಫ್ಯಾರಡ್ ಕೆಪಾಸಿಟರ್ ಸೇರಿಸಿದರೆ ಅದೂ ನಿಂತಿತು, ಸ್ವಿಚ್ಚಿನ ಅದುರಾಟವೂ ಅಡಗಿತು. ಈಗ ಎಲ್ಲ ಪೆಟ್ಟಿಗೆಗಳಲ್ಲೂ ಇದೇ ಜೋಡಣೆ.

ಬಾಡಿಗೆ ಮನೆಯ ಗೋಡೆಗೆ ರಂಧ್ರ ಹೊಡೆಯುವಂತಿಲ್ಲ. ಎಲ್ಲವೂ ಎರಡು ಬದಿ ಅಂಟುವ ಫೋಮ್ ಟೇಪಿನ ಮೇಲೇ ನಿಲ್ಲಬೇಕು. ಪೆಟ್ಟಿಗೆ ಹಗುರ, ನಿಲ್ಲುತ್ತದೆ. ಎಳೆಯುವ ಹಗ್ಗಕ್ಕೆ ಟೇಪ್ ತಾಳುವುದಿಲ್ಲ. ಹಗ್ಗದ ಸ್ವಿಚ್ಚನ್ನು ಮೊದಲೇ ಇರುವ ಟವೆಲ್ ಕೋಲಿಗೋ ನೀರಿನ ಪೈಪಿಗೋ ಕ್ಲಾಂಪ್ ಹಾಕಿ ಬಿಗಿದೆವು.

ಹಗ್ಗದ ಬಗ್ಗೆ ಸ್ವಲ್ಪ ಜಾಸ್ತಿಯೇ ಹೇಳಬೇಕು. ಗೋಡೆಯಲ್ಲಿ ಎದೆಮಟ್ಟಕ್ಕೆ ಇರುವ ಗುಂಡಿ ನಿಂತವರಿಗೆ ಮಾತ್ರ ಸಿಗುತ್ತದೆ. ಬಿದ್ದವರಿಗೆ ಬೇಕಾದದ್ದು ನೆಲದ ಮಟ್ಟದಲ್ಲಿ. ಇಂಗ್ಲೆಂಡಿನ ಕಟ್ಟಡ ನಿಯಮಗಳ ಮಾರ್ಗದರ್ಶಿಯಲ್ಲಿ ಇದಕ್ಕೆ ಸ್ಪಷ್ಟ ಅಳತೆ ಇದೆ: ಕೆಂಪು ಹಗ್ಗ, 50 ಮಿಲಿಮೀಟರ್ ಅಗಲದ ಎರಡು ಕೆಂಪು ಬಳೆ, ಒಂದು ನೆಲದಿಂದ 100 ಮಿಲಿಮೀಟರ್ ಮೇಲೆ, ಇನ್ನೊಂದು 800ರಿಂದ 1,000 ಮಿಲಿಮೀಟರ್ ಎತ್ತರದಲ್ಲಿ. ನಾವೂ ಅದನ್ನೇ ಹಿಡಿದೆವು. ಬಳೆ ಯಾಕೆಂದರೆ, ಬೆರಳು ಮಡಚಲಾಗದವರೂ ಅದರೊಳಗೆ ಕೈ ತೂರಿಸಿ ತೋಳಿನ ಭಾರ ಬಿಡಬಹುದು. ಟಚ್ ಗುಂಡಿಯನ್ನು ನಾವು ಯೋಚಿಸಲೇ ಇಲ್ಲ. ಒಣಗಿದ ಚರ್ಮಕ್ಕೆ, ನಡುಗುವ ಕೈಗೆ ಅದು ಹೇಳಿದ ಮಾತು ಕೇಳುವುದಿಲ್ಲ. ಹಗ್ಗಕ್ಕೆ ಇರುವ ದೊಡ್ಡ ಶತ್ರು ಪೊರಕೆ. ಗುಡಿಸುವಾಗ ಅಡ್ಡ ಬರುತ್ತದೆಂದು ಎತ್ತಿ ಕಟ್ಟಿಬಿಡುತ್ತಾರೆ. ಅದಕ್ಕೆ ತಂತ್ರಜ್ಞಾನದಲ್ಲಿ ಉತ್ತರ ಇಲ್ಲ. ಮನೆಗೆ ಹೋದವರೆಲ್ಲ ಮೊದಲು ಹಗ್ಗ ನೋಡಬೇಕು, ಕಟ್ಟಿದ್ದರೆ ಬಿಚ್ಚಬೇಕು, ಅಷ್ಟೇ.

ಹಗ್ಗ ಎಳೆದವರಿಗೆ "ಕೇಳಿಸಿತು" ಎಂಬ ಉತ್ತರ ಬರಬೇಕು. ಇಲ್ಲದಿದ್ದರೆ ಆ ಕತ್ತಲಲ್ಲಿ ಅವರು ಯಾವ ಧೈರ್ಯದ ಮೇಲೆ ಕಾಯಬೇಕು? ಹಗ್ಗ ಎಳೆದ ಮೇಲೆ ರೇಡಿಯೋ ಒಂದು ಕ್ಷಣ ಕಿವಿ ತೆರೆದು ಕೂರುತ್ತದೆ. ಕೆಳಗಿನ ಪೆಟ್ಟಿಗೆಯಿಂದ ಉತ್ತರ ಬಂದರೆ ಸದ್ದು ಮಾಡುತ್ತದೆ. ಬರದಿದ್ದರೆ ಮತ್ತೆ ಮತ್ತೆ ಕಳಿಸುತ್ತದೆ. ಈ ಸದ್ದಿಗೆ ಅಂಗಡಿಯಲ್ಲಿ ಸಿಗುವ ಪೀಜೋ ಬಜರ್ ಆಗುವುದಿಲ್ಲ. ಅದರ ಕೀರಲು ಸ್ವರ 2,000ದಿಂದ 4,000 ಹರ್ಟ್ಸ್ ನಡುವೆ ಇರುತ್ತದೆ. ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದೇ ಮೇಲಿನ ಸ್ವರಗಳನ್ನು. ಹೊಗೆ ಅಲಾರಂಗಳ ಮೇಲೆ ನಡೆದ ಪರೀಕ್ಷೆಗಳಲ್ಲೂ 3,100 ಹರ್ಟ್ಸ್‌ನ ಮಾಮೂಲಿ ಸದ್ದಿಗಿಂತ 520 ಹರ್ಟ್ಸ್‌ನ ಚೌಕ ಅಲೆ ಕಿವಿ ಮಂದವಾದವರನ್ನು ಚೆನ್ನಾಗಿ ಎಬ್ಬಿಸಿತು. ನಾವು ಹಳೇ ಆಟಿಕೆಗಳಿಂದ ಬಿಚ್ಚಿದ 8 ಓಮ್ ಸ್ಪೀಕರನ್ನು ಟ್ರಾನ್ಸಿಸ್ಟರ್ ಮೂಲಕ ಅದೇ 520ರಲ್ಲಿ ನುಡಿಸುತ್ತೇವೆ. ಸ್ಪೀಕರ್ ಮುಂದಿನ ಮುಚ್ಚಳಕ್ಕೆ ತೂತು ಕೊರೆದರಷ್ಟೇ ಸಾಲದು, ಅಂಚಿಗೆ ಗಾಳಿ ಹೋಗದಂತೆ ಅಂಟು ಹಾಕಬೇಕು. ಆಗ ಸದ್ದು ಎದ್ದು ಕೇಳುತ್ತದೆ.

ರೇಡಿಯೋ ಮತ್ತು ಗುಟ್ಟು

ಆರ್‌ಎಫ್‌ಎಂ95ರ ಕಾಲುಗಳ ನಡುವಿನ ಅಂತರ 2 ಮಿಲಿಮೀಟರ್. ಮಾಮೂಲಿ 2.54ರ ತೂತಿನ ಬೋರ್ಡಿಗೆ ಕೂರುವುದಿಲ್ಲ, ಅಡಾಪ್ಟರ್ ಬೋರ್ಡ್ ಬೇಕು. ಆಂಟೆನಾ ಅಂದರೆ 8.6 ಸೆಂಟಿಮೀಟರ್ ಉದ್ದದ ಒಂದು ತುಂಡು ತಂತಿ, 868 ಮೆಗಾಹರ್ಟ್ಸ್ ಅಲೆಯ ಕಾಲು ಭಾಗ. ಸುರುಳಿ ಸುತ್ತದೆ ನೇರ ಇಡಬೇಕು. ಆಂಟೆನಾ ಇಲ್ಲದೆ ಪ್ರಸಾರ ಮಾಡಿದರೆ ಚಿಪ್ ಸುಡಬಹುದು. ಎಷ್ಟು ಮೆಗಾಹರ್ಟ್ಸ್ ಎನ್ನುವುದು ದೇಶಕ್ಕೆ ತಕ್ಕಂತೆ: ಯೂರೋಪಿನಲ್ಲಿ 868ರ ಸುತ್ತ, ಭಾರತದಲ್ಲಿ 865–868, ಅಮೆರಿಕದಲ್ಲಿ 902–928.

ಲೋರಾದಲ್ಲಿ ಸ್ಪ್ರೆಡಿಂಗ್ ಫ್ಯಾಕ್ಟರ್ (ಸಂದೇಶವನ್ನು ಎಷ್ಟು ಹಿಗ್ಗಿಸಿ ಕಳಿಸಬೇಕು ಎನ್ನುವ ಅಂಕಿ) ಏರಿಸಿದಷ್ಟೂ ದೂರ ತಲುಪುತ್ತದೆ, ಆದರೆ ಗಾಳಿಯಲ್ಲಿ ಇರುವ ಹೊತ್ತೂ ಏರುತ್ತದೆ. ನಮ್ಮದು 16 ಬೈಟಿನ ಸಂದೇಶ. 9ರಲ್ಲಿ ಕಳಿಸಿದರೆ ಸುಮಾರು 165 ಮಿಲಿಸೆಕೆಂಡ್, 12ರಲ್ಲಿ 1.3 ಸೆಕೆಂಡ್. ಒಂದೇ ಕಟ್ಟಡದೊಳಗೆ 9 ಧಾರಾಳ ಸಾಕಾಯಿತು. ಎಲ್ಲ ಪೆಟ್ಟಿಗೆಗಳೂ ಒಂದೇ ಹೊತ್ತಿಗೆ ಕೂಗಿದರೆ ಒಂದರ ಮಾತು ಇನ್ನೊಂದು ಕೆಡಿಸುತ್ತದೆ. ಚಿಪ್ಪಿನ ಮಲಗುವ ಗಡಿಯಾರ ಒರಟಾದದ್ದು, ಒಂದೊಂದು ಚಿಪ್ಪಿನದು ಒಂದೊಂದು ವೇಗ. ಅದರ ಮೇಲೆ ಕೆಲವು ಸೆಕೆಂಡುಗಳ ಯಾದೃಚ್ಛಿಕ ಕಾಯುವಿಕೆಯನ್ನೂ ಸೇರಿಸಿದ್ದರಿಂದ ಪೆಟ್ಟಿಗೆಗಳು ತಾವಾಗೇ ಚದುರಿಕೊಂಡವು. ಒಂದು ಮನೆಯ ಸಿಗ್ನಲ್ ಮಾತ್ರ ಬಾರದೆ ಸತಾಯಿಸಿತು. ಪೆಟ್ಟಿಗೆಯ ಮುಂದೆ ಕಬ್ಬಿಣದ ಬೀರು ಬಂದಿತ್ತು. ಪೆಟ್ಟಿಗೆಯನ್ನು ಕಿಟಕಿಯ ಪಕ್ಕಕ್ಕೆ ಸರಿಸಿದರೆ ಸರಿಹೋಯಿತು.

ಒಬ್ಬ ಅಜ್ಜಿ ಪೆಟ್ಟಿಗೆ ನೋಡಿದ ತಕ್ಷಣ ಕೇಳಿದ್ದು, "ಕ್ಯಾಮೆರಾ ಏನಾದ್ರೂ ಇಟ್ಟಿದ್ದೀಯೇನಪ್ಪಾ?"

"ಇಲ್ಲ ಅಜ್ಜಿ, ನೋಡಿ," ಎಂದು ಮುಚ್ಚಳ ಬಿಚ್ಚಿ ಒಂದೊಂದನ್ನೇ ತೋರಿಸಿದೆ. ಅಲ್ಲಿಂದ ಮುಂದೆ ಪ್ರತಿ ಮನೆಯಲ್ಲೂ ಮುಚ್ಚಳ ಬಿಚ್ಚಿ ತೋರಿಸಿದ ಮೇಲೇ ಅಂಟಿಸುವುದು. ಬೇಡ ಎಂದವರ ಮನೆಯಲ್ಲಿ ಅಂಟಿಸಿಲ್ಲ. ಬಡವರು ಎಂಬ ಕಾರಣಕ್ಕೆ ಅವರ ಬಚ್ಚಲಿನ ಲೆಕ್ಕ ನಮಗೆ ಗೊತ್ತಿರಬೇಕು ಎನ್ನುವುದು ಸರಿಯಲ್ಲ. ಅದಕ್ಕೇ ಪೆಟ್ಟಿಗೆ ಬಾಗಿಲು ಎಷ್ಟು ಸಲ, ಯಾವಾಗ ತೆರೆಯಿತು ಎಂದು ಹೇಳುವುದೇ ಇಲ್ಲ. "ಈ ಗಂಟೆಯಲ್ಲಿ ಓಡಾಟ ಇತ್ತು" ಅಥವಾ "ಇರಲಿಲ್ಲ", ಇಷ್ಟೇ. ಜೊತೆಗೆ ಮನೆಯ ಸಂಖ್ಯೆ, ಸೆಲ್ ವೋಲ್ಟೇಜ್, ಮತ್ತೆ ಒಂದು ಏರುವ ಕ್ರಮಸಂಖ್ಯೆ. ಇದನ್ನೂ ಬಿಚ್ಚಾಗಿ ಕಳಿಸುವಂತಿಲ್ಲ. ಅದೇ ರೇಡಿಯೋ ಇರುವ ಯಾರು ಬೇಕಾದರೂ ಯಾವ ಮನೆ ಖಾಲಿ ಇದೆ ಎಂದು ತಿಳಿದುಕೊಳ್ಳಬಹುದು. ಆರ್‌ಎಫ್‌ಎಂ69 ಎಂಬ ಇನ್ನೊಂದು ರೇಡಿಯೋದಲ್ಲಿ ಎಇಎಸ್ ಬೀಗ (ಗುಟ್ಟಿನ ಕೀಲಿ ಇದ್ದವರಷ್ಟೇ ಓದುವಂತೆ ಸಂದೇಶ ಮುಚ್ಚುವ ವಿಧಾನ) ಚಿಪ್ಪಿನೊಳಗೇ ಇರುತ್ತದೆ, 95ರಲ್ಲಿ ಇಲ್ಲ. ಹಾಗಾಗಿ ಎಟಿಮೆಗಾದಲ್ಲೇ ಎಇಎಸ್-128 ಓಡಿಸುತ್ತೇವೆ. ಸಂದೇಶ 16 ಬೈಟ್ ಆಗಿರುವುದೂ ಅದಕ್ಕೇ, ಎಇಎಸ್‌ನ ಒಂದು ತುಂಡಿನ ಅಳತೆ ಅದು. ಕ್ರಮಸಂಖ್ಯೆ ಇರುವುದರಿಂದ ಹಳೇ ಸಂದೇಶವನ್ನು ಯಾರಾದರೂ ಹಿಡಿದು ಮತ್ತೆ ಬಿಟ್ಟರೆ ಕೆಳಗಿನ ಪೆಟ್ಟಿಗೆ ಒಪ್ಪುವುದಿಲ್ಲ.

ಕೆಳಗಿನ ಪೆಟ್ಟಿಗೆ

ಇಲ್ಲಿ ಇಎಸ್‌ಪಿ32 ಚಿಪ್, ಅದೇ ರೇಡಿಯೋ, ಹೊತ್ತಿಗೆ ಡಿಎಸ್3231 ಗಡಿಯಾರ, ಮಾತಿಗೆ ಮೆಮೊರಿ ಕಾರ್ಡಿನಲ್ಲಿರುವ ಧ್ವನಿ ಫೈಲು ನುಡಿಸುವ ಡಿಎಫ್‌ಪ್ಲೇಯರ್ ಮಿನಿ. ಪ್ರತಿ ಮನೆಗೆ ಒಂದು ದೀಪ, ಪಕ್ಕದಲ್ಲಿ ಕಾಗದದ ಮೇಲೆ ಮನೆ ಸಂಖ್ಯೆ. ಬಣ್ಣ ನೋಡಿ ಗುರುತಿಸುವ ಹಾಗೆ ಮಾಡಿಲ್ಲ. ಇಲ್ಲಿ ಕೂರುವವರಲ್ಲೂ ಅರ್ಧಕ್ಕರ್ಧ ಜನಕ್ಕೆ ವಯಸ್ಸಾಗಿದೆ. ದೀಪ ಸುಮ್ಮನೆ ಉರಿದರೆ ಎದ್ದಿದ್ದಾರೆ. ನಿಧಾನ ಮಿನುಗಿದರೆ ಪೆಟ್ಟಿಗೆಯದೇ ಸುದ್ದಿ ಇಲ್ಲ, ಸೆಲ್ಲೋ ರೇಡಿಯೋವೋ ನೋಡಬೇಕು. ಬೇಗ ಬೇಗ ಮಿನುಗಿ ಮಾತೂ ಕೇಳಿದರೆ ಹೊರಡಬೇಕು. ಮನುಷ್ಯರ ಮೌನ ಬೇರೆ, ಯಂತ್ರದ ಮೌನ ಬೇರೆ. ಇವೆರಡನ್ನು ಬಿಡಿಸಲೆಂದೇ ಓಡಾಟ ಇರಲಿ ಇಲ್ಲದಿರಲಿ ಗಂಟೆಗೊಂದು ಸಂದೇಶ. ಸಾಲಾಗಿ ಮೂರು ತಪ್ಪಿದರೆ ಯಂತ್ರದ ತೊಂದರೆ ಎಂದು ಲೆಕ್ಕ.

ಯಾವಾಗ ಗಾಬರಿಯಾಗಬೇಕು ಎನ್ನುವುದನ್ನು ಹಿರಿಯರೇ ಹೇಳುತ್ತಾರೆ. "ಎಷ್ಟು ಹೊತ್ತಿಗೆ ಖಂಡಿತ ಎದ್ದಿರ್ತೀರಿ?" ಎಂದು ಕೇಳಿ ಆ ಹೊತ್ತನ್ನೇ ತುಂಬುತ್ತೇವೆ. ಸಂದೇಶ ಬರುವುದು ಗಂಟೆಗೊಮ್ಮೆಯಾದ್ದರಿಂದ ಅದರ ಮೇಲೆ ಇನ್ನೊಂದು ಗಂಟೆ ಕಾಯುತ್ತದೆ. ರಾತ್ರಿ ಬಿದ್ದವರಿಗೆ ಹಗ್ಗವೂ ಸಿಗದಿದ್ದರೆ ಈ ಪೆಟ್ಟಿಗೆ ಬೆಳಗಿನ ತನಕ ಏನೂ ಹೇಳುವುದಿಲ್ಲ. ಇದನ್ನು ನಾವು ಯಾರಿಂದಲೂ ಮುಚ್ಚಿಟ್ಟಿಲ್ಲ.

ಡಿಎಸ್3231ರ ನೀಲಿ ಬೋರ್ಡಿನಲ್ಲಿ ಒಂದು ಅಪಾಯ ಇದೆ. ಅದರಲ್ಲಿ ಸಣ್ಣ ಡಯೋಡ್ ಮತ್ತು 200 ಓಮ್ ರೆಸಿಸ್ಟರ್ ಸೇರಿ ಬಟನ್ ಸೆಲ್ಲನ್ನು ಚಾರ್ಜ್ ಮಾಡಲು ನೋಡುತ್ತವೆ. ಚಾರ್ಜ್ ಆಗುವ ಎಲ್‌ಐಆರ್2032 ಸೆಲ್ಲಿಗೆಂದು ಮಾಡಿದ್ದು ಅದು. ಎಲ್ಲರೂ ಹಾಕುವುದು ಚಾರ್ಜ್ ಮಾಡಬಾರದ ಸಿಆರ್2032. 5 ವೋಲ್ಟ್ ಕೊಟ್ಟರೆ ಸೆಲ್ ಉಬ್ಬಬಹುದು. ನಾವು 3.3 ವೋಲ್ಟೇ ಕೊಡುತ್ತೇವೆ, ಆದರೂ ಆ ರೆಸಿಸ್ಟರನ್ನು ಕಿತ್ತೇ ಹಾಕಿದೆ. ಮುಂದೆ ಯಾರೋ ರಿಪೇರಿ ಮಾಡುವಾಗ ತಂತಿಯನ್ನು 5ಕ್ಕೆ ಚುಚ್ಚಿದರೂ ಕೇಡಾಗಬಾರದು.

ಎಲ್ಲಕ್ಕಿಂತ ಗಂಭೀರ ದೋಷ ಕಂಡದ್ದು ಡಿಎಫ್‌ಪ್ಲೇಯರಿನಲ್ಲಿ. ಎರಡನೇ ಮನೆಯ ಹಗ್ಗ ಎಳೆದರೆ "ನಾಲ್ಕನೇ ಮನೆ, ಹೋಗಿ ನೋಡಿ" ಎನ್ನುತ್ತಿತ್ತು. ದೀಪ ಸರಿಯಾಗಿ ಎರಡರದೇ. ಮಾತು ಮಾತ್ರ ತಪ್ಪು. ಜೀವ ಉಳಿಸುವ ಹೊತ್ತಿನಲ್ಲಿ ತಪ್ಪು ಬಾಗಿಲಿಗೆ ಓಡಿಸುವ ಯಂತ್ರ ಇಲ್ಲದಿರುವುದೇ ವಾಸಿ. ಹುಡುಕಿದಾಗ ಸಿಕ್ಕಿದ್ದು ಇದು: ಈ ಪ್ಲೇಯರಿಗೆ ಸುಮ್ಮನೆ "2ನೇ ಹಾಡು" ಎಂದರೆ ಫೈಲಿನ ಹೆಸರು ನೋಡುವುದಿಲ್ಲ, ಕಾರ್ಡಿಗೆ ಯಾವುದು ಯಾವ ಕ್ರಮದಲ್ಲಿ ಕಾಪಿ ಆಯಿತೋ ಆ ಕ್ರಮ ನೋಡುತ್ತದೆ. ಕಾರ್ಡಿನಲ್ಲಿ ಎಂಪಿ3 ಎಂಬ ಫೋಲ್ಡರ್ ಮಾಡಿ, ಫೈಲುಗಳಿಗೆ 0001, 0002 ಎಂದು ಹೆಸರಿಟ್ಟು, ಆ ಫೋಲ್ಡರಿನಿಂದಲೇ ನುಡಿಸುವ ಆಜ್ಞೆ ಬಳಸಿದರೆ ಹೆಸರಿನ ಪ್ರಕಾರವೇ ನುಡಿಯುತ್ತದೆ. ಈಗ ಕಾರ್ಡ್ ಬದಲಿಸಿದಾಗಲೆಲ್ಲ ಎಲ್ಲ ಮನೆಯ ಹಗ್ಗವನ್ನೂ ಎಳೆದು ಕೇಳಿಯೇ ಮುಚ್ಚಳ ಹಾಕುವುದು. ಪ್ಲೇಯರಿನ ಗೊರಗೊರ ಸದ್ದಿಗೆ ಅದಕ್ಕೆ ಆಜ್ಞೆ ಹೋಗುವ ಆರ್‌ಎಕ್ಸ್ ತಂತಿಯಲ್ಲಿ 1 ಕಿಲೋಓಮ್ ರೆಸಿಸ್ಟರ್ ಹಾಕಿದ್ದು ಸಾಕಾಯಿತು.

ಬಾಗಿಲಿನ ಸಮಸ್ಯೆ

ಒಂದು ಮನೆಯಿಂದ ಮಾತ್ರ ಬೆಳಗ್ಗೆ ಮತ್ತೆ ಮತ್ತೆ ಸುಳ್ಳು ಕರೆ ಬರುತ್ತಿತ್ತು. ಹೋಗಿ ಬಡಿದರೆ ಆ ಅಜ್ಜಿ ಆರಾಮಾಗಿ ಬಾಗಿಲು ತೆಗೆಯುತ್ತಿದ್ದರು. ಮೊದಲು ಅನುಮಾನ ಅಯಸ್ಕಾಂತದ ಮೇಲೆ. ಮರದ ಬಾಗಿಲು ತೇವಕ್ಕೆ ಉಬ್ಬಿ ಪೂರ್ತಿ ಮುಚ್ಚದಿದ್ದರೆ ಅಂತರ ಜಾಸ್ತಿಯಾಗಿ ರೀಡ್ ಸ್ವಿಚ್ ಕೂಡುವುದಿಲ್ಲ, ಬೇರೆ ಮನೆಗಳಲ್ಲಿ ಅದು ಆಗಿತ್ತು. ಇಲ್ಲಿ ಬಾಗಿಲು ನೆಟ್ಟಗಿತ್ತು. ಕೈಯಿಂದ ಮುಚ್ಚಿ ತೆಗೆದರೆ ಸಂದೇಶವೂ ಹೋಗುತ್ತಿತ್ತು.

"ಬಚ್ಚಲ ಬಾಗಿಲು ಹಾಕಲ್ವಾ ಅಜ್ಜಿ?"

"ಹಾಕಲ್ಲಪ್ಪಾ. ಒಳಗೇ ಬಿದ್ರೆ ಯಾರು ತೆಗೀತಾರೆ?"

ಕೇಳುತ್ತಾ ಹೋದರೆ ಇನ್ನೂ ಕೆಲವರು ಹೀಗೇ ಮಾಡುತ್ತಿದ್ದರು. ಬೀಳುವ ಭಯದಿಂದಲೇ ಬಾಗಿಲು ತೆರೆದಿಡುತ್ತಾರೆ. ನಮ್ಮ ಸೆನ್ಸರಿಗೆ ಮಾತ್ರ ಅದು ಓಡಾಟವೇ ಇಲ್ಲದ ಮನೆ. ಒಂಟಿತನ ಹೇಗಿರುತ್ತದೆ ಎಂಬುದು ನನಗೆ ಅರ್ಥವಾದದ್ದು ಆ ಒಂದು ಮಾತಿನಲ್ಲಿ. ಆಮೇಲೆ ಎಲ್ಲರ ಮನೆಗೂ ಒಂದೇ ಜಾಗ ಎನ್ನುವುದನ್ನು ಬಿಟ್ಟೆವು. "ಬೆಳಗ್ಗೆ ಎದ್ದು ಮೊದಲು ಏನು ಮುಟ್ಟುತ್ತೀರಿ?" ಎಂದು ಕೇಳಿ ಅಲ್ಲಿಗೆ ಅಯಸ್ಕಾಂತ ಅಂಟಿಸುತ್ತೇವೆ. ಒಬ್ಬರಿಗೆ ಅಡುಗೆ ಕಟ್ಟೆಯ ಕೆಳಗಿನ ಬಾಗಿಲು, ಇನ್ನೊಬ್ಬರಿಗೆ ಕಿಟಕಿ, ಈ ಅಜ್ಜಿಗೆ ಮಾತ್ರೆ ಇಡುವ ಗೂಡಿನ ಬಾಗಿಲು. ಮಾತ್ರೆ ತಗೊಂಡರೋ ಇಲ್ಲವೋ ಎಂದು ಎಣಿಸುವುದಕ್ಕೂ ಇದನ್ನೇ ಬಳಸಬಹುದಲ್ಲ ಎಂದು ಯಾರೋ ಹೇಳಿದರು. ಬೇಡ ಎಂದೆವು. ಎದ್ದಿದ್ದೀರಾ ಎಂದು ಕೇಳಲು ಒಪ್ಪಿಗೆ ಕೊಟ್ಟವರ ಮೇಲೆ ಇನ್ನೊಂದು ಕಣ್ಣಿಡುವುದು ನ್ಯಾಯವಲ್ಲ.

ಯಾರು ಹೋಗಬೇಕು

ಗೋಡೆಯ ಮೇಲೆ ಒಂದು ಹಾಳೆ ಇದೆ. ಪ್ರತಿ ಮನೆಗೆ ಎರಡು ಹೆಸರು, ಮೊದಲನೆಯವರು ಇಲ್ಲದಿದ್ದರೆ ಎರಡನೆಯವರು. ಈ ಹೆಸರುಗಳನ್ನೂ ಹಿರಿಯರೇ ಆರಿಸಿದ್ದು. ತಮ್ಮನ್ನು ನೆಲದ ಮೇಲೆ ಬಿದ್ದ ಸ್ಥಿತಿಯಲ್ಲಿ ಯಾರು ನೋಡಬಹುದು ಎನ್ನುವುದು ಅವರೇ ಹೇಳಬೇಕಾದ ಮಾತು. ಇನ್ನೊಂದು ಬೀಗದ ಕೈಯನ್ನು ಲಕೋಟೆಯಲ್ಲಿಟ್ಟು, ಅಂಟಿಸಿ, ಅವರದೇ ಸಹಿ ಹಾಕಿಸಿ ಕೆಳಗಿನ ಕೋಣೆಯ ಬೀರುವಿನಲ್ಲಿ ಇಟ್ಟಿದ್ದೇವೆ. ಒಡೆದಿದ್ದರೆ ಕಣ್ಣಿಗೆ ಕಾಣುತ್ತದೆ. ಹೋದವರು ತಾವೇ ಎತ್ತಿ ಕೂರಿಸಲು ಹೋಗಬಾರದು, ಮೊದಲು ನೋವೆಲ್ಲಿದೆ ಎಂದು ಕೇಳಬೇಕು, ಸೊಂಟ, ತಲೆ, ಕುತ್ತಿಗೆಗೆ ಪೆಟ್ಟಾಗಿದ್ದರೆ ಅಲುಗಾಡಿಸದೆ ಆಂಬುಲೆನ್ಸ್ ಕರೆಯಬೇಕು. ಇದನ್ನು ದೊಡ್ಡ ಅಕ್ಷರದಲ್ಲಿ ಅದೇ ಹಾಳೆಯಲ್ಲಿ ಬರೆದಿದೆ.

ಸುಳ್ಳು ಕರೆಗಳಿಂದ ಜನ ಬೇಸತ್ತು ಹೋಗುವುದನ್ನು ನಿಲ್ಲಿಸುತ್ತಾರೇನೋ ಎಂಬ ಚಿಂತೆ ನಮಗಿತ್ತು. ಸುಳ್ಳು ಕರೆ ಬಂದ ಮನೆಗೆ ಅದೇ ದಿನ ಹೋಗಿ ಕಾರಣ ಹುಡುಕಿದರೆ ಜನ ತಾಳ್ಮೆ ಕಳೆದುಕೊಳ್ಳುವುದಿಲ್ಲ. ಹಾಗೇ ಬಿಟ್ಟರೆ ಖಂಡಿತ ಕಳೆದುಕೊಳ್ಳುತ್ತಾರೆ. ಅಂದ ಮೇಲೆ ಸಾಲ್ಡರಿಂಗ್ ಗೊತ್ತಿರುವ ಒಬ್ಬರಾದರೂ ಕಟ್ಟಡದ ಹತ್ತಿರವೇ ಇರಬೇಕು. ಈಗ ಇಬ್ಬರು ಹುಡುಗಿಯರು ಕಲಿಯುತ್ತಿದ್ದಾರೆ. ರೀಡ್ ಸ್ವಿಚ್ಚಿನ ಗಾಜಿನ ಕೊಳವೆ ಒಡೆಯದ ಹಾಗೆ ಕಾಲು ಬಗ್ಗಿಸುವುದನ್ನು ನನಗಿಂತ ಚೆನ್ನಾಗಿ ಮಾಡುತ್ತಾರೆ.

ಕೆಳಗಿನ ಕೋಣೆಯಲ್ಲಿ ಯಾರೂ ಇಲ್ಲದ ಹೊತ್ತಿಗೆ ಫೋನಿಗೆ ಎಸ್‌ಎಂಎಸ್ ಹೋಗುವ ಹಾಗೆ ಮಾಡುವುದು ಮುಂದಿನ ಕೆಲಸ. ಅಗ್ಗದ ಸಿಮ್800ಎಲ್ ಮಾಡ್ಯೂಲ್ ಬೇಡ ಎಂದು ಬಿಟ್ಟಿದ್ದೇವೆ. ಅದು ಬರೀ 2ಜಿ, ಆ ಜಾಲ ಒಂದೊಂದೇ ದೇಶದಲ್ಲಿ ಮುಚ್ಚುತ್ತಿದೆ. ಅಮೆರಿಕದ ಎಟಿ ಅಂಡ್ ಟಿ 2017ರ ಆರಂಭದಲ್ಲೇ ನಿಲ್ಲಿಸಿತು. 4ಜಿ ಮಾಡ್ಯೂಲೂ ಒಮ್ಮೊಮ್ಮೆ ಕರೆಂಟನ್ನು ಜಿಗಿದು ಎಳೆಯುತ್ತದೆ, ಆದ್ದರಿಂದ ಅದರ ಪಕ್ಕದಲ್ಲೇ 1,000 ಮೈಕ್ರೋಫ್ಯಾರಡ್ ಕೆಪಾಸಿಟರ್, ದಪ್ಪ ತಂತಿ, ಕರೆಂಟ್ ಹೋದರೂ ನಡೆಯಲು ಬೇರೆ ಬ್ಯಾಟರಿ. ಬೋರ್ಡಿನ ನಕ್ಷೆ ಬರೆದಾಗಿದೆ. ಸಿಮ್ ಕಾರ್ಡನ್ನು ಯಾರ ಹೆಸರಲ್ಲಿ ತೆಗೆಯುವುದು, ಅದಕ್ಕೆ ರೀಚಾರ್ಜ್ ಯಾರು ಮಾಡುವುದು ಎಂದು ಸ್ವಯಂಸೇವಕರ ಜೊತೆ ಕೂತು ತೀರ್ಮಾನಿಸಿದ ಮೇಲೆ ಸಾಲ್ಡರ್ ಹಿಡಿಯುತ್ತೇವೆ.